ಮೂರನೇ ರಿಚರ್ಡ್: ನಾಟಕಾನಾ, ಪತ್ತೇದಾರೀನಾ, ದಪ್ಪ ಕಾದಂಬರೀನಾ?

ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಬಗ್ಗೆ ಯಾವ್ದನ್ನ ಮೊದ್ಲು ಓದೋದು ಅಂದ್ರೆ ನನ್ನ ವೋಟು ಶೇಕ್ಸ್‌ಪಿಯರ್ ನಾಟಕಕ್ಕೇ, ಇತಿಹಾಸ ಅಂತ ಮಾತ್ರ ನಂಬ್ಬೇಡಿ. ಗಲಾಟೆ ಇಷ್ಟೇ: 1483ರಲ್ಲಿ ರಿಚರ್ಡ್‌ನ ಅಣ್ಣ, ರಾಜ ನಾಲ್ಕನೇ ಎಡ್ವರ್ಡ್ ತೀರ್ಕೊಂಡ, 12 ವರ್ಷದ ಮಗನಿಗೆ ಪಟ್ಟ ಆಗ್ಬೇಕಿತ್ತು, ಚಿಕ್ಕಪ್ಪ ರಿಚರ್ಡ್ ತಾನೇ ರಾಜ ಆದ, ಲಂಡನ್ ಟವರ್‌ನಲ್ಲಿದ್ದ ಆ ಹುಡುಗ, ಅವನ ತಮ್ಮ ಇಬ್ರೂ ಆಮೇಲೆ ಯಾರ ಕಣ್ಣಿಗೂ ಬೀಳ್ಲಿಲ್ಲ.

ನಾಟಕದ ರಿಚರ್ಡ್ ತನ್ನ ಪ್ಲಾನನ್ನೆಲ್ಲ ನಮ್ಮ ಹತ್ರಾನೇ ಹೇಳ್ಕೋತಾನೆ, ಹಾಗಾಗಿ ಬೈಕೊಂಡೇ ಅವನ ಪಾರ್ಟಿ ಸೇರ್ಬಿಡ್ತೀವಿ. ಟವರ್‌ನ ಸಭೆ ಸೀನ್ ನೋಡಿ. ನಗ್ತಾ ಬರ್ತಾನೆ, ನಿಮ್ಮ ತೋಟದ ಸ್ಟ್ರಾಬೆರಿ ಚೆನ್ನಾಗಿತ್ತಲ್ಲ, ಒಂದಿಷ್ಟು ತರಿಸಿ ಅಂತ ಈಲಿಯ ಬಿಷಪ್‌ನ ಕೇಳ್ತಾನೆ, ಹೊರಗೆ ಹೋಗಿ ವಾಪಸ್ ಬಂದೋನೇ ಒಣಗಿದ ತೋಳು ತೋರ್ಸಿ ಮಾಟ ಮಾಡ್ಸಿದಾರೆ ಅಂತಾನೆ, ಸಭೇಲಿದ್ದ ಲಾರ್ಡ್ ಹೇಸ್ಟಿಂಗ್ಸ್ 'ಹಾಗೇನಾದ್ರೂ ಮಾಡಿದ್ರೆ' ಅನ್ನೋಷ್ಟರಲ್ಲಿ ಅವನ ತಲೆ ನೋಡೋವರ್ಗೂ ಊಟ ಮಾಡಲ್ಲ ಅಂದು ಎದ್ದೇ ಬಿಡ್ತಾನೆ. ಆದ್ರೆ 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕ್ ಅಗೆದಾಗ ಸಿಕ್ಕ ನಿಜವಾದ ರಿಚರ್ಡ್‌ನ ಅಸ್ಥಿಪಂಜರದಲ್ಲಿ ಬೆನ್ನುಮೂಳೆ ಸೊಟ್ಟಗಿತ್ತು, ತೋಳು ಸರಿಯಾಗೇ ಇತ್ತು. ಸಾಲದ್ದಕ್ಕೆ 1482ರಲ್ಲೇ ಫ್ರಾನ್ಸಲ್ಲಿ ಸತ್ತಿದ್ದ, ಹಿಂದಿನ ರಾಜ ಆರನೇ ಹೆನ್ರಿಯ ಹೆಂಡ್ತಿ ಮಾರ್ಗರೆಟ್ ರಾಣಿ ಅರಮನೆಗೆ ಬಂದು ಎಲ್ರಿಗೂ ಶಾಪ ಹಾಕ್ತಾಳೆ! ಸುಳ್ಳಾದ್ರೂ ಆ ಶಾಪ ಇಲ್ದೆ ನಾಟಕ ಸಪ್ಪೆ.

ಜೋಸೆಫೀನ್ ಟೇ ಬರೆದ 'ದಿ ಡಾಟರ್ ಆಫ್ ಟೈಮ್' (1951) ಪೂರ್ತಿ ಉಲ್ಟಾ. ಕಾಲು ಮುರ್ಕೊಂಡು ಆಸ್ಪತ್ರೇಲಿ ಮಲಗಿರೋ ಇನ್‌ಸ್ಪೆಕ್ಟರ್ ಗ್ರಾಂಟ್, ರಿಚರ್ಡ್ ಚಿತ್ರ ನೋಡಿ ಇವ್ನು ಕೊಲೆಗಾರನ ಥರ ಕಾಣಲ್ವಲ್ಲ ಅಂತ ಹಳೇ ಕೇಸ್ ಓಪನ್ ಮಾಡ್ತಾನೆ. ರಿಚರ್ಡ್ ಚರಿತ್ರೆ ಬರ್ದ ಥಾಮಸ್ ಮೋರ್ ಮಾತೇ ಸಾಕ್ಷಿ ಅಂತೀರಲ್ಲ, ಆಗ ಅವ್ನಿನ್ನೂ ಚಿಕ್ಕ ಹುಡುಗ, ಅದು ಬರೀ ಕೇಳಿದ ಮಾತು ಅನ್ನೋ ಪಾಯಿಂಟ್ ಸಖತ್. ಒಂದೇ ಕೂತಲ್ಲಿ ಮುಗಿಯುತ್ತೆ. ಆದ್ರೆ ತಪ್ಪೆಲ್ಲಾ ರಿಚರ್ಡ್‌ನ ಸೋಲಿಸಿ ರಾಜ ಆದ ಏಳನೇ ಹೆನ್ರಿ ತಲೆಗೆ ಕಟ್ಟೋ ಆತುರ ಜಾಸ್ತಿ, ಎದುರು ಪಾರ್ಟಿಗೆ ಲಾಯರ್ರೇ ಇಲ್ಲದ ಕೋರ್ಟ್ ಅದು. ಮುಖ ನೋಡಿ ತೀರ್ಪು ಕೊಡೋ ಪೊಲೀಸು ಅಂದ್ರೆ ನಂಗೆ ಸ್ವಲ್ಪ ಭಯಾನೇ.

ಶರಾನ್ ಕೇ ಪೆನ್ಮನ್ ಅವರ 'ದಿ ಸನ್ ಇನ್ ಸ್ಪ್ಲೆಂಡರ್' (1982) ಸಿಕ್ಕಾಪಟ್ಟೆ ದಪ್ಪ. ಅಲ್ಲಿ ರಿಚರ್ಡ್ 'ಡಿಕ್ಕನ್', ಎಡ್ವರ್ಡ್ 'ನೆಡ್', ಇದು ದೊಡ್ಡ ಉಪಕಾರ, ಯಾಕಂದ್ರೆ ಆ ವಂಶದಲ್ಲಿ ಎಲ್ರಿಗೂ ಅದದೇ ಹೆಸರು. 1471ರ ಬಾರ್ನೆಟ್ ಕಾಳಗದ ಮಂಜು, ಗೊಂದಲ ಎಲ್ಲಾ ಚೆನ್ನಾಗ್ ಬಂದಿದೆ. ಟವರ್‌ನ ಹುಡುಗ್ರನ್ನ ಕೊಂದಿದ್ದು ರಿಚರ್ಡ್ ಜೊತೆಗಾರನಾಗಿದ್ದ ಡ್ಯೂಕ್ ಬಕಿಂಗ್‌ಹ್ಯಾಮ್ ಅಂತ ತೀರ್ಮಾನ ಮಾಡಿದಾರೆ. ಡಿಕ್ಕನ್ ಮಾತ್ರ ಅತಿ ಒಳ್ಳೆಯವ್ನು, ಹೇಸ್ಟಿಂಗ್ಸ್ ತಲೆ ತೆಗ್ಸೋ ಜಾಗ ಬಂದಾಗ ಇಷ್ಟು ಹೊತ್ತು ಓದಿದ ಮನುಷ್ಯ ಇವ್ನೇನಾ ಅನ್ಸುತ್ತೆ.

ಓದೋಕೆ ಪುರುಸೊತ್ತಿಲ್ಲ ಅನ್ನೋರು ಶೇಕ್ಸ್‌ಪಿಯರ್ ನಾಟಕದ್ದೇ ಸಿನಿಮಾ, ಇಯಾನ್ ಮೆಕೆಲನ್ ರಿಚರ್ಡ್ ಆಗಿರೋ 1995ರದ್ದು ನೋಡಿ. ಕಥೇನ 1930ರ ದಶಕಕ್ಕೆ ಎಳ್ಕೊಂಡ್ ಬಂದಿದಾರೆ, ಕೊನೇ ಕಾಳಗದಲ್ಲಿ ರಿಚರ್ಡ್ ಕುದುರೆ ಕುದುರೆ ಅಂತ ಕೂಗೋ ಫೇಮಸ್ ಡೈಲಾಗ್ ಬಂದಾಗ ಅವ್ನು ಕೂತಿರೋದು ಸಿಕ್ಕಾಕ್ಕೊಂಡಿರೋ ಜೀಪಲ್ಲಿ.