ಬೇಸಿಗೆಯಲ್ಲಿ ಪೆಪ್ಟೈಡ್ ವಯಲ್ ತೆರೆಯುವ ಮುನ್ನ ಇದನ್ನು ಓದಿ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯಲ್ಲಿ ಹೊರಗೆ 43 ಡಿಗ್ರಿ ಬಿಸಿಲು, ಲ್ಯಾಬಿನೊಳಗೆ ಕೂಲರ್ ಜೋರಾಗಿ ತಿರುಗುತ್ತಿದೆ. ಒಬ್ಬರು ಮೈನಸ್ 20ರ ಫ್ರೀಜರಿನಿಂದ 5 ಮಿಲಿಗ್ರಾಂ ಪೆಪ್ಟೈಡಿನ (ಅಮೈನೋ ಆಮ್ಲಗಳ ಪುಟ್ಟ ಸರಪಳಿ) ವಯಲ್, ಅಂದರೆ ಸಣ್ಣ ಗಾಜಿನ ಶೀಶೆ, ತೆಗೆದರು, ಬೆಂಚಿನ ಮೇಲಿಟ್ಟ ಕೂಡಲೇ ಮುಚ್ಚಳ ಬಿಚ್ಚಿದರು, ನೀರು ಹಾಕಿ ವೋರ್ಟೆಕ್ಸ್ ಎಂಬ ಜೋರಾಗಿ ಅಲುಗಿಸುವ ಯಂತ್ರದ ಮೇಲೆ ಹಿಡಿದರು. ದ್ರಾವಣ ತಿಳಿಯಾಗಿ ಕಂಡಿತು. ಅದೇ ವಯಲನ್ನು ಮತ್ತೆ ಫ್ರೀಜರಿಗೆ ತಳ್ಳಿ, ವಾರಕ್ಕೆರಡು ಸಲ ಕರಗಿಸಿ ಬೇಕಾದಷ್ಟು ತೆಗೆದುಕೊಳ್ಳುತ್ತ ಹೋದರು. ಆರನೇ ವಾರಕ್ಕೆ ಈ ಪೆಪ್ಟೈಡ್ ಹಾಕಿದ ಜೀವಕೋಶಗಳು ಮೊದಲಿನ ಹಾಗೆ ಸ್ಪಂದಿಸಲಿಲ್ಲ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟು ನೋಡಿದರೆ ಅಸಲು ಶಿಖರದ ಪಕ್ಕದಲ್ಲೇ 16 ಡಾಲ್ಟನ್ (ಅಣುತೂಕದ ಮಾನ) ಹೆಚ್ಚು ತೂಕದ ಇನ್ನೊಂದು ಶಿಖರ ಎದ್ದಿತ್ತು. ಸರಪಳಿಯ ಮೆಥಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಆಮ್ಲಜನಕ ಪರಮಾಣು ಅಂಟಿಕೊಂಡಿತ್ತು. ಯಾವ ವಾರದಿಂದ ಕೆಟ್ಟಿತೆಂದು ಹೇಳುವ ದಾರಿಯೇ ಇಲ್ಲದ ಕಾರಣ ಆರೂ ವಾರದ ಅಂಕಿಗಳನ್ನು ಪಕ್ಕಕ್ಕಿಡಬೇಕಾಯಿತು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಇದು ಮತ್ತೆ ಆಗಬಾರದು ಅಂತ ಈ ಬರಹ.

ಮೊದಲು ಕೂಲರ್ ಮಾತು. ನಮ್ಮ ಬೇಸಿಗೆ ಒಣ ಬೇಸಿಗೆ, ಹಸಿಯ ಭಯ ಇಲ್ಲ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಕೂಲರ್ ಇರುವ ಕೋಣೆಯ ಗಾಳಿ ಒಣ ಅಲ್ಲ, ಅದು ನೀರನ್ನೇ ಗಾಳಿಗೆ ಬೆರೆಸಿ ಊದುತ್ತದೆ. ಆ ಗಾಳಿಯಲ್ಲಿ ಮೈನಸ್ 20ರ ವಯಲ್ ಇಟ್ಟರೆ ಅರ್ಧ ನಿಮಿಷದಲ್ಲಿ ಗಾಜಿನ ಮೇಲೆ ಮಂಜು ಕೂಡುತ್ತದೆ. ಮುಚ್ಚಳ ತೆಗೆದಿದ್ದರೆ ಅದೇ ತೇವ ಒಳಗಿನ ಪುಡಿಯ ಮೇಲೂ ಇಳಿಯುತ್ತದೆ. ಫ್ರೀಜ್ ಡ್ರೈ ಮಾಡಿದ ಪೆಪ್ಟೈಡ್ ಉಪ್ಪಿನಂತೆ ನೀರು ಹೀರುತ್ತದೆ. ತೂಕ ತಪ್ಪುತ್ತದೆ, ಉಳಿದ ಪುಡಿಯನ್ನು ಮತ್ತೆ ಫ್ರೀಜರಿಗಿಟ್ಟರೂ ಒಳಗೆ ಸೇರಿದ ತೇವ ಅದನ್ನು ನಿಧಾನಕ್ಕೆ ತಿನ್ನುತ್ತಲೇ ಇರುತ್ತದೆ. ಆದ್ದರಿಂದ ವಯಲನ್ನು ಮುಚ್ಚಿದಂತೆಯೇ ತೇವ ಹೀರುವ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ (ಗಾಳಿ ಹೋಗದಂತೆ ಮುಚ್ಚಿದ ಪಾತ್ರೆ) ಒಂದು ಗಂಟೆ ಬಿಡಿ. ಸಿಲಿಕಾ ನೀಲಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಮೊದಲು ಅದನ್ನು ಓವನ್ನಿನಲ್ಲಿ ಒಣಗಿಸಿ. ವಯಲ್ ಮುಟ್ಟಿದರೆ ಕೋಣೆಯಷ್ಟೇ ಬೆಚ್ಚಗಿರಬೇಕು. ತೆರೆಯುವ ಮುನ್ನ ಕೂಲರ್, ಫ್ಯಾನ್ ಎರಡನ್ನೂ ಆರಿಸಿ, ವಯಲನ್ನು ಸೆಂಟ್ರಿಫ್ಯೂಜಿನಲ್ಲಿ ಅರ್ಧ ನಿಮಿಷ ಮೆಲ್ಲಗೆ ತಿರುಗಿಸಿ. ಪುಡಿ ಬಹುಪಾಲು ಮುಚ್ಚಳಕ್ಕೆ, ಗಾಜಿನ ಗೋಡೆಗೆ ಅಂಟಿರುತ್ತದೆ. ಬರಿಗಣ್ಣಿಗೆ ವಯಲ್ ಖಾಲಿ ಕಂಡರೂ ಗಾಬರಿ ಬೇಡ.

ಇನ್ನು ಲೆಕ್ಕ. ಲೇಬಲ್ ಮೇಲೆ 98 ಶೇಕಡಾ ಶುದ್ಧ ಎಂದಿದ್ದರೆ 5 ಮಿಲಿಗ್ರಾಂ ಪುಡಿಯಲ್ಲಿ 4.9 ಮಿಲಿಗ್ರಾಂ ಪೆಪ್ಟೈಡ್ ಇದೆ ಎಂದು ಅರ್ಥವಲ್ಲ. ಅದು ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಶುದ್ಧತೆ, ಅಂದರೆ ಇರುವ ಪೆಪ್ಟೈಡುಗಳ ನಡುವೆ ನಿಮಗೆ ಬೇಕಾದದ್ದು ಎಷ್ಟು ಎನ್ನುವ ಲೆಕ್ಕ. ಪುಡಿಯಲ್ಲಿ ನೀರೂ ಇದೆ, ತಯಾರಿಕೆಯಲ್ಲಿ ಉಳಿದ ಟ್ರೈಫ್ಲೋರೋಅಸಿಟಿಕ್ ಆಮ್ಲದ ಲವಣವೂ ಇದೆ. ನಿಜವಾದ ಪೆಪ್ಟೈಡ್ ಅಂಶ ಸಾಮಾನ್ಯವಾಗಿ 60ರಿಂದ 80 ಶೇಕಡಾ. ಅಣುತೂಕ 1,600, ಪೆಪ್ಟೈಡ್ ಅಂಶ 72 ಶೇಕಡಾ ಎಂದುಕೊಳ್ಳಿ. ಆಗ 5 ಮಿಲಿಗ್ರಾಂನಲ್ಲಿ ಇರುವುದು 3.6 ಮಿಲಿಗ್ರಾಂ, ಅಂದರೆ 2.25 ಮೈಕ್ರೋಮೋಲ್. 1 ಮಿಲಿಮೋಲಾರ್ ಸ್ಟಾಕ್ (ಆಮೇಲೆ ತೆಳು ಮಾಡಿ ಬಳಸುವ ಮೂಲ ದ್ರಾವಣ) ಬೇಕಿದ್ದರೆ 2.25 ಮಿಲಿಲೀಟರ್ ಹಾಕಬೇಕು. ಲೇಬಲ್ ನಂಬಿ 3.1 ಮಿಲಿಲೀಟರ್ ಹಾಕಿದರೆ ಕೈಯಲ್ಲಿರುವುದು 0.73 ಮಿಲಿಮೋಲಾರ್, ಅದರ ಮೇಲೆ ಮಾಡಿದ ಎಲ್ಲ ಡೋಸ್ ಲೆಕ್ಕವೂ ತಪ್ಪು. ಸರ್ಟಿಫಿಕೇಟಿನಲ್ಲಿ ಪೆಪ್ಟೈಡ್ ಅಂಶ ಬರೆದಿಲ್ಲದಿದ್ದರೆ ಪೂರೈಕೆದಾರರನ್ನು ಕೇಳಿ ಪಡೆಯಿರಿ. ಸರಪಳಿಯಲ್ಲಿ ಟ್ರಿಪ್ಟೋಫ್ಯಾನ್ ಅಥವಾ ಟೈರೋಸಿನ್ ಇದ್ದರೆ 280 ನ್ಯಾನೋಮೀಟರಿನಲ್ಲಿ ನೀವೇ ಅಳೆಯಬಹುದು.

ಯಾವ ನೀರು? ಇದರಲ್ಲಿ ಸಲಿಗೆ ಬೇಡವೇ ಬೇಡ. ನಮ್ಮ ಕಡೆಯ ಬೋರ್ ನೀರು ಗಡಸು, ಅಂಗಡಿಯ ಆರ್‌ಓ ಕ್ಯಾನ್ ಕುಡಿಯಲಿಕ್ಕೆ ಸರಿ, ಬ್ಯಾಟರಿ ನೀರು ಬ್ಯಾಟರಿಗೆ ಸರಿ. ಪೆಪ್ಟೈಡಿಗೆ 18.2 ಮೆಗಾಓಮ್ ಶುದ್ಧತೆಯ, ಕ್ರಿಮಿ ತೆಗೆದ ನೀರೇ ಬೇಕು. ಪಾರ್ಸೆಲ್ ಜೊತೆ ಬ್ಯಾಕ್ಟೀರಿಯೋಸ್ಟಾಟಿಕ್ ನೀರು ಬಂದಿದೆ ಅಂತ ಅದನ್ನು ಬಳಸುವವರೂ ಇದ್ದಾರೆ. ಅದರಲ್ಲಿ 0.9 ಶೇಕಡಾ ಬೆಂಝೈಲ್ ಆಲ್ಕೋಹಾಲ್ ಇರುತ್ತದೆ. ಜೀವಕೋಶಗಳ ಮೇಲೆ ಹಾಕಿದರೆ ಸಾಯಿಸಿದ್ದು ಪೆಪ್ಟೈಡೋ ಆಲ್ಕೋಹಾಲೋ ಹೇಳಲಾಗುವುದಿಲ್ಲ.

ಎಲ್ಲ ಪೆಪ್ಟೈಡೂ ಬರೀ ನೀರಿಗೆ ಕರಗುವುದಿಲ್ಲ. ಕಾಗದ ತೆಗೆದುಕೊಂಡು ಸರಪಳಿ ಬರೆದು ವಿದ್ಯುದಂಶ ಎಣಿಸಿ: ಲೈಸಿನ್, ಆರ್ಜಿನಿನ್, ಹಿಸ್ಟಿಡಿನ್ ಮತ್ತು ಅಮೈನೋ ತುದಿಗೆ ಒಂದೊಂದು ಕೂಡಿಸಿ; ಆಸ್ಪಾರ್ಟಿಕ್, ಗ್ಲುಟಾಮಿಕ್ ಮತ್ತು ಕಾರ್ಬಾಕ್ಸಿಲ್ ತುದಿಗೆ ಒಂದೊಂದು ಕಳೆಯಿರಿ. ತುದಿಗಳನ್ನು ಅಸಿಟೈಲ್ ಅಥವಾ ಅಮೈಡ್ ಮಾಡಿ ಮುಚ್ಚಿದ್ದರೆ ಅವು ಲೆಕ್ಕಕ್ಕಿಲ್ಲ. ಉತ್ತರ ಧನವಾಗಿದ್ದರೆ ಮೊದಲು ನೀರು, ಕರಗದಿದ್ದರೆ 10 ಶೇಕಡಾ ಅಸಿಟಿಕ್ ಆಮ್ಲ. ಋಣವಾಗಿದ್ದರೆ ನೀರು, ಆಮೇಲೆ ತೆಳು ಅಮೋನಿಯಂ ಬೈಕಾರ್ಬನೇಟ್. ಸಿಸ್ಟೀನ್ ಇದ್ದರೆ ಕ್ಷಾರದ ಹತ್ತಿರ ಹೋಗಬೇಡಿ, ಎರಡೆರಡು ಸಿಸ್ಟೀನ್ ಕೂಡಿ ಗಂಟು ಬೀಳುತ್ತವೆ. ಈ ಆಮ್ಲ, ಬೈಕಾರ್ಬನೇಟ್ ಎರಡೂ ಆವಿಯಾಗಿ ಹೋಗುವಂಥವು. ಕರಗದೆ ಹೋದರೂ ಮತ್ತೆ ಫ್ರೀಜ್ ಡ್ರೈ ಮಾಡಿ ಪುಡಿ ವಾಪಸ್ ಪಡೆಯಬಹುದು. ಮೊದಲೇ ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್, ಪಿಎಚ್ ಸ್ಥಿರವಾಗಿಡುವ ದ್ರಾವಣ) ಸುರಿದರೆ ಆ ದಾರಿ ಮುಚ್ಚಿಹೋಗುತ್ತದೆ, ಉಪ್ಪು ಪೆಪ್ಟೈಡಿನ ಜೊತೆಗೇ ಉಳಿಯುತ್ತದೆ. ನೀರಿಗೆ ಒಲ್ಲದ ಪೆಪ್ಟೈಡಾದರೆ ಸ್ವಲ್ಪ ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಪೂರ್ತಿ ಕರಗಿಸಿ, ಆಮೇಲೆ ಅದನ್ನು ಅಲುಗುತ್ತಿರುವ ಬಫರಿಗೆ ಹನಿ ಹನಿಯಾಗಿ ಬಿಡಿ. ಮೋಡ ಕಟ್ಟಿದ ಹಾಗೆ ಕಂಡರೆ ಅಲ್ಲೇ ನಿಲ್ಲಿಸಿ. ಮೆಥಿಯೋನಿನ್, ಸಿಸ್ಟೀನ್ ಇದ್ದಲ್ಲಿ ಡಿಎಂಎಸ್‌ಓ ಬೇಡ, ಅದೇ ಅವನ್ನು ಆಕ್ಸಿಡೈಸ್ ಮಾಡುತ್ತದೆ. ಬೀದರಿನ ಡಿಸೆಂಬರ್ ಬೆಳಗ್ಗೆ ಡಿಎಂಎಸ್‌ಓ ಬಾಟಲಿ ಗಟ್ಟಿಯಾಗಿದ್ದರೆ ಕೆಟ್ಟಿದೆ ಎಂದು ಚೆಲ್ಲಬೇಡಿ, ಅದು ಹೆಪ್ಪುಗಟ್ಟುವುದೇ 18.5 ಡಿಗ್ರಿಗೆ.

ವೋರ್ಟೆಕ್ಸ್ ಬೇಡ. ನೊರೆ ಎದ್ದಷ್ಟೂ ಗಾಳಿ ಬೆರೆಯುತ್ತದೆ, ಕೆಲವು ಪೆಪ್ಟೈಡುಗಳು ಆ ಹೊಡೆತಕ್ಕೇ ಗಡ್ಡೆ ಕಟ್ಟುತ್ತವೆ. ದ್ರಾವಕವನ್ನು ಗೋಡೆಗುಂಟ ಇಳಿಬಿಟ್ಟು ಬೆರಳುಗಳ ನಡುವೆ ವಯಲ್ ಹೊರಳಿಸಿ. ಆಕ್ಸಿಡೈಸ್ ಆಗುವ ಪೆಪ್ಟೈಡಾದರೆ ನೀರಿನೊಳಗೆ ಮೊದಲೇ ಕಾಲು ಗಂಟೆ ನೈಟ್ರೋಜನ್ ಗುಳ್ಳೆ ಹಾಯಿಸಿ.

ಕರಗಿದ ಮೇಲೆ ಅದೇ ದಿನ, ಅದೇ ಕೂತಲ್ಲಿ ಅಲಿಕ್ವಾಟ್ ಮಾಡಿ, ಅಂದರೆ ಒಂದೊಂದು ಪ್ರಯೋಗಕ್ಕೆ ಸಾಕಾಗುವಷ್ಟನ್ನು ಸಣ್ಣ ಟ್ಯೂಬುಗಳಿಗೆ ಹಂಚಿಡಿ. ಒಂದು ಪ್ರಯೋಗಕ್ಕೆ 50 ಮೈಕ್ರೋಲೀಟರ್ ಬೇಕಾದರೆ ಒಂದೊಂದು ಟ್ಯೂಬಿಗೆ 55. ಕರಗಿಸಿದ ಟ್ಯೂಬಿನಲ್ಲಿ ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಎಷ್ಟೇ ಹೊಟ್ಟೆ ಉರಿದರೂ ಚೆಲ್ಲಿ. ತೆಳು ದ್ರಾವಣ ಟ್ಯೂಬಿನ ಗೋಡೆಗೇ ಅಂಟಿ ಕಾಣೆಯಾಗುತ್ತದೆ. ಆದ್ದರಿಂದ ಸ್ಟಾಕ್ ಗಟ್ಟಿಯಾಗಿಯೇ ಇರಲಿ, ತೆಳು ಮಾಡುವುದು ಬಳಸುವ ದಿನವೇ. ಟ್ಯೂಬಿನ ಮೇಲೆ ಹೆಸರು, ಲಾಟ್ ಸಂಖ್ಯೆ, ಸಾಂದ್ರತೆ, ದ್ರಾವಕ, ತಾರೀಖು ಇಷ್ಟೂ ಇರಲಿ, ಸ್ಪಿರಿಟ್ ತಾಗಿದರೆ ಅಳಿಯದ ಪೆನ್ನಿನಲ್ಲಿ. ದ್ರಾವಣವನ್ನು ಪಿಎಚ್ 5ರಿಂದ 6ರ ಸುತ್ತ ಇಡುವುದು ಒಳ್ಳೆಯದು. 7 ದಾಟಿದರೆ ಆಸ್ಪರಜಿನ್ ಪಕ್ಕ ಗ್ಲೈಸಿನ್ ಇರುವ ಪೆಪ್ಟೈಡುಗಳು ಬೇಗ ಕೆಡುತ್ತವೆ. ಈ ಹಾನಿ ತೂಕದಲ್ಲಿ ಬರೀ 1 ಡಾಲ್ಟನ್, ಸಾದಾ ಯಂತ್ರದಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ.

ಇಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಸಂಶೋಧನೆಗೆಂದು ಮಾರುವ ಈ ವಯಲ್‌ಗಳನ್ನು ಜಿಮ್ಮಿಗೆ ಹೋಗುವ ಹುಡುಗರು ತರಿಸಿಕೊಂಡು ಚುಚ್ಚಿಕೊಳ್ಳುವುದಿದೆ. ದಯವಿಟ್ಟು ಬೇಡ. ಮನುಷ್ಯರ ಇಂಜೆಕ್ಷನ್ನಿಗೆ ಆಗಬೇಕಾದ ಕ್ರಿಮಿರಹಿತ ತಯಾರಿಕೆ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಪರೀಕ್ಷೆ ಇವಕ್ಕೆ ಕಡ್ಡಾಯವಲ್ಲ. 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಎಂಡೋಟಾಕ್ಸಿನ್ ತಡೆಯುವುದಿಲ್ಲ. ಮೇಲೆ ಹೇಳಿದ ಯಾವ ಹೆಜ್ಜೆಯೂ ಲ್ಯಾಬಿನ ಪುಡಿಯನ್ನು ಔಷಧಿ ಮಾಡುವುದಿಲ್ಲ.

ಕೊನೆಗೆ ಫ್ರೀಜರ್. ಮನೆಯ ಫ್ರಾಸ್ಟ್ ಫ್ರೀ ಫ್ರಿಜ್ ಇದಕ್ಕೆ ಆಗದು. ಮಂಜು ಕರಗಿಸಲು ಅದರೊಳಗಿನ ಹೀಟರ್ ಆಗಾಗ ತಾನೇ ಹೊತ್ತಿಕೊಳ್ಳುತ್ತದೆ, 50 ಮೈಕ್ರೋಲೀಟರ್ ಟ್ಯೂಬು ಪ್ರತಿ ಸಲವೂ ಬೆಚ್ಚಗಾಗುತ್ತದೆ. ಕೈಯಿಂದ ಮಂಜು ತೆಗೆಯುವ ಮಾದರಿ ಇರಲಿ, ಟ್ಯೂಬುಗಳು ಥರ್ಮಾಕೋಲ್ ಡಬ್ಬಿಯೊಳಗೆ ಹಿಂಬದಿಯಲ್ಲಿರಲಿ. ಬೇಸಿಗೆಯಲ್ಲಿ ರಾತ್ರಿ ಕರೆಂಟ್ ಹೋಗಿ ಬಂದರೆ ಬೆಳಗ್ಗೆ ಎಲ್ಲವೂ ಮತ್ತೆ ಗಟ್ಟಿಯಾಗಿರುತ್ತದೆ, ಏನಾಯಿತೆಂದು ತಿಳಿಯುವುದಿಲ್ಲ. ಅದಕ್ಕೆ ಒಂದು ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಡಬ್ಬಿಯ ಪಕ್ಕದಲ್ಲಿಡಿ. ನಾಣ್ಯ ಮೇಲೇ ಇದ್ದರೆ ಮಂಜುಗಡ್ಡೆ ಕರಗಿಲ್ಲ. ಕೆಳಗಿಳಿದಿದ್ದರೆ ಆ ಡಬ್ಬಿಯ ಒಂದು ಟ್ಯೂಬನ್ನು ಎಚ್‌ಪಿಎಲ್‌ಸಿಗೆ ಕೊಟ್ಟು, ಫಲಿತಾಂಶ ಬರುವ ತನಕ ಉಳಿದವನ್ನು ಮುಟ್ಟಬೇಡಿ.