ಬ್ಯಾಸಿಲ್ ಸಿಕ್ಕಿಬೀಳುತ್ತಾನೆ, ಹಂಫ್ರಿ ದಕ್ಕಿಸಿಕೊಳ್ಳುತ್ತಾನೆ

ಬಿಬಿಸಿಯ ಹಳೆಯ ಹಾಸ್ಯ ಧಾರಾವಾಹಿಗಳಾದ ‘ಫಾಲ್ಟಿ ಟವರ್ಸ್’ ಮತ್ತು ‘ಯೆಸ್ ಮಿನಿಸ್ಟರ್’ ಎರಡನ್ನೂ ಈಚೆಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿದೆ. ಎರಡರಲ್ಲೂ ನಗು ಹುಟ್ಟುವುದು ಏನನ್ನೋ ಮುಚ್ಚಿಡುವ ಆಟದಿಂದಲೇ. ಮೊದಲನೆಯದರಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನ ಹೋಟೆಲ್ ಮಾಲೀಕ ಬ್ಯಾಸಿಲ್ ಮುಚ್ಚಿಡಲು ಹೋಗಿ ಸಿಕ್ಕಿಬೀಳುತ್ತಾನೆ. ಎರಡನೆಯದರಲ್ಲಿ ಮಂತ್ರಿಯ ಹಿರಿಯ ಅಧಿಕಾರಿ ಸರ್ ಹಂಫ್ರಿ ಬಹುಪಾಲು ದಕ್ಕಿಸಿಕೊಳ್ಳುತ್ತಾನೆ.

‘ಫಾಲ್ಟಿ ಟವರ್ಸ್’ 1979ರ ಸರಣಿಯ ಮೊದಲ ಕಂತನ್ನೇ ನೋಡಿ. ಬ್ಯಾಸಿಲ್ ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಗೆದ್ದಿದ್ದಾನೆ, ಹೆಂಡತಿ ಸಿಬಿಲ್‌ಗೆ ಸುಳಿವು ಹತ್ತಬಾರದು. ಕೇಳಿದವರಿಗೆಲ್ಲ ‘ನನಗೇನೂ ಗೊತ್ತಿಲ್ಲ’ ಅನ್ನಬೇಕೆಂದು ಸ್ಪೇನಿನ ಮಾಣಿ ಮ್ಯಾನ್ಯುಯೆಲ್‌ಗೆ ಪಾಠ ಹೇಳಿಕೊಟ್ಟಿರುತ್ತಾನೆ. ಮುಂದೆ ಆ ದುಡ್ಡು ತನ್ನದೇ ಎಂದು ತೋರಿಸಬೇಕಾಗಿ ಬಂದಾಗ ಅದೇ ಮ್ಯಾನ್ಯುಯೆಲ್‌ನನ್ನು ಸಾಕ್ಷಿಗೆ ಕರೆಯುತ್ತಾನೆ. ಅವನೋ, ಪಾಠ ಒಪ್ಪಿಸುವ ಹುಡುಗನ ಹೆಮ್ಮೆಯಿಂದ ‘ನನಗೇನೂ ಗೊತ್ತಿಲ್ಲ’ ಎನ್ನುತ್ತಾನೆ. ಆಗ ಬ್ಯಾಸಿಲ್ ಪಾತ್ರದ ಜಾನ್ ಕ್ಲೀಸ್ ಮುಖ ನೋಡಬೇಕು! ತಾನೇ ತೋಡಿದ ಗುಂಡಿ, ಬೈಯಲು ಬೇರೆ ಯಾರೂ ಇಲ್ಲ. ಅದೇ ಕಂತಿನಲ್ಲಿ ಕಿವಿ ಮಂದವಾದ ಅತಿಥಿಯೊಬ್ಬಳ ಮುಂದೆ ಬ್ಯಾಸಿಲ್ ದನಿಯಿಲ್ಲದೆ ಬರೀ ತುಟಿ ಆಡಿಸುತ್ತಾನೆ. ಆಕೆ ಶ್ರವಣಯಂತ್ರದ ದನಿ ಏರಿಸಿದ ತಕ್ಷಣ ಕಿರುಚುತ್ತಾನೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಈ ದೃಶ್ಯಕ್ಕೆ ನಾನು ಬಾಯಿ ಬಿಡುವ ಮೊದಲೇ ನಕ್ಕರು.

‘ಯೆಸ್ ಮಿನಿಸ್ಟರ್’ಗೆ ಮಾತೇ ಜೀವ. 1981ರ ಒಂದು ಕಂತಿನಲ್ಲಿ ಆಸ್ಪತ್ರೆಯೊಂದಿದೆ: ಆಡಳಿತ ಮತ್ತಿತರ ಸಿಬ್ಬಂದಿ 500ಕ್ಕೂ ಹೆಚ್ಚು ಜನ, ರೋಗಿ ಒಬ್ಬನೂ ಇಲ್ಲ. ಮಂತ್ರಿ ಹೌಹಾರಿದರೆ, ಇದಕ್ಕಿಂತ ಚೆನ್ನಾಗಿ ನಡೆಯುವ ಆಸ್ಪತ್ರೆ ಉಂಟೇ ಎಂಬ ಧಾಟಿಯಲ್ಲಿ ಅಧಿಕಾರಿಗಳ ವಾದ. ಹಂಫ್ರಿ ಪಾತ್ರದ ನೈಜೆಲ್ ಹಾಥಾರ್ನ್ ಆ ಉದ್ದುದ್ದ ವಾಕ್ಯಗಳನ್ನು ಎಲ್ಲೂ ತಡವರಿಸದೆ ಹೇಳುವ ಚೆಂದವೇ ಬೇರೆ. ಕಡತ ಹಿಡಿದು ಕಚೇರಿ ಅಲೆದವರಿಗೆ ಇದು ಲಂಡನ್ನಿನ ಕಥೆ ಅನ್ನಿಸುವುದೇ ಇಲ್ಲ. 2001ರಲ್ಲಿ ಫಾರೂಕ್ ಶೇಖ್ ನಟಿಸಿ ಹಿಂದಿಗೂ ಬಂತು. ಆದರೆ ಇಂಗ್ಲಿಷ್ ಮೂಲವನ್ನು ಅಮ್ಮನಿಗಾಗಿ ಮತ್ತೆ ಮತ್ತೆ ನಿಲ್ಲಿಸಿ ಅರ್ಥ ಹೇಳಬೇಕಾಯಿತು. ಅಷ್ಟರಲ್ಲಿ ನಗು ಆರಿಹೋಗಿರುತ್ತಿತ್ತು.

ನನ್ನ ಓಟು ‘ಫಾಲ್ಟಿ ಟವರ್ಸ್’ಗೆ. ಕ್ಲೀಸ್ ಮತ್ತು ಕಾನಿ ಬೂತ್ ಬರೆದದ್ದು ಒಟ್ಟು 12 ಕಂತು. ಮೊದಲ ಐದು ನಿಮಿಷದಲ್ಲಿ ಸುಮ್ಮನೆ ಬಂದುಹೋದ ಸಾಮಾನು ಕೂಡ ಕೊನೆಯಲ್ಲಿ ಬ್ಯಾಸಿಲ್‌ನ ಕಾಲಿಗೆ ತೊಡರುತ್ತದೆ, ಅಷ್ಟು ಬಿಗಿ. ಹಂಫ್ರಿ ಎಷ್ಟೇ ಜಾಣನಾದರೂ ಮೂರನೇ ಕಂತಿನ ಹೊತ್ತಿಗೆ ಅವನ ಉದ್ದ ವಾಕ್ಯ ಯಾವಾಗ ಬರುತ್ತದೆಂದು ಗೊತ್ತಾಗಿಬಿಡುತ್ತದೆ. ‘ಯೆಸ್ ಮಿನಿಸ್ಟರ್’ ಅನ್ನು ದಿನಕ್ಕೊಂದು ಕಂತಿನಂತೆ ನೋಡಿ. ಬ್ಯಾಸಿಲ್‌ನನ್ನು ಎರಡು ಮೂರು ಒಟ್ಟಿಗೇ ನೋಡಬಹುದು.