ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮನ್ನು ವೆಲ್ಡ್ ಮಾಡಿಸಬೇಡಿ

ಮೌಂಟೇನ್ ಬೈಕ್ ಇಟ್ಟುಕೊಂಡವರು, ಮನೆಯ ಮಕ್ಕಳಿಗೆ ಕೊಡಿಸಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದಾನೆ. ವೇಗವಾಗಿ ಓಡಿಸಿ ಬಿದ್ದದ್ದಲ್ಲ. ಯಲಹಂಕದ ಆಚೆ ಆವಲಹಳ್ಳಿ ಕಾಡಿನ ಹಾದಿಯಲ್ಲಿ ಒಂದು ಮರದ ಬೇರು ದಾಟುವಾಗ ಸೈಕಲ್ಲಿನ ಡೌನ್ ಟ್ಯೂಬ್, ಅಂದರೆ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಪೈಪ್, ತುಂಡಾಯಿತು. ಮುಂದಿನ ಚಕ್ರ ಅವನ ಕೆಳಗೇ ಮಡಚಿಕೊಂಡಿತು. ಬ್ರೇಕ್ ಹಿಡಿಯುವಷ್ಟೂ ಸಮಯ ಸಿಗಲಿಲ್ಲ.

ಆ ಜಾಗದಲ್ಲಿ ಮೊದಲೇ ಬಿರುಕು ಇತ್ತು. ಸೈಕಲ್ ತೊಳೆಯುವಾಗ ಕಣ್ಣಿಗೆ ಬಿತ್ತು: ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್ ಸೇರುವಲ್ಲಿ, ಅಡಿಭಾಗದಲ್ಲಿ, ಬೆಸುಗೆಯ ಅಂಚಿಗೇ ಅಂಟಿಕೊಂಡ ಕೂದಲೆಳೆಯಂಥ ಗೆರೆ. ಸೈಕಲ್ ಮಾರಿದ ಅಂಗಡಿಗೇ ಕೊಂಡೊಯ್ದೆವು. ವಾರಂಟಿ ಕೇಳಿದ್ದಕ್ಕೆ, 'ಅದೆಲ್ಲ ತಿಂಗಳುಗಟ್ಟಲೆ ಆಗುತ್ತೆ, ಕೊನೆಗೆ ಕೊಡೋದೂ ಇಲ್ಲ. ನಮಗೆ ಗೊತ್ತಿರೋ ಟಿಗ್ ವೆಲ್ಡರ್ ಇದ್ದಾರೆ, ಹೊಸದರ ಹಾಗೆ ಮಾಡಿಕೊಡ್ತಾರೆ' ಅಂದರು. ಟಿಗ್ ಅಂದರೆ ಗ್ಯಾಸಿನ ಆಸರೆಯಲ್ಲಿ ಕರೆಂಟ್ ಕಿಡಿಯಿಂದ ಹಾಕುವ ಬೆಸುಗೆ. ಸೈಕಲ್ಲನ್ನು ಅವರೇ ಕಳಿಸಿದರು. ವಾಪಸ್ ಬಂದಾಗ ಬೆಸುಗೆ ನಿಜಕ್ಕೂ ಅಂದವಾಗಿತ್ತು, ಒಂದರ ಮೇಲೊಂದು ನಾಣ್ಯ ಜೋಡಿಸಿದ ಹಾಗೆ. ಮೇಲೆ ಕಪ್ಪು ಸ್ಪ್ರೇ ಬಣ್ಣ. 'ಇನ್ನು ಆ ಜಾಗ ಬಿಡೋ ಮಾತೇ ಇಲ್ಲ' ಅಂತ ಭರವಸೆಯನ್ನೂ ಕೊಟ್ಟರು.

ಮುರಿದ ಫ್ರೇಮ್ ಹಿಡಿದುಕೊಂಡು ನಾನು ಆ ವೆಲ್ಡರ್ ಹತ್ತಿರ ಹೋದೆ. ಅವರು ತುಂಡನ್ನು ಬೆಳಕಿಗೆ ಹಿಡಿದು ನೋಡಿ, 'ಸಾರ್, ನನ್ನ ಬೆಸುಗೆ ನೋಡಿ, ಒಂದು ಚೂರೂ ಬಿಟ್ಟಿಲ್ಲ. ಪೈಪೇ ಹೋಗಿದೆ' ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಬೆಸುಗೆ ಹಾಗೇ ಗಟ್ಟಿಯಾಗಿ ಹೆಡ್ ಟ್ಯೂಬಿಗೆ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ, ಸ್ವಲ್ಪವೇ ಆಚೆ, ಪೈಪ್ ಸುತ್ತಲೂ ಹರಿದಿತ್ತು. ಒಂದು ಕಡೆ ಲೋಹ ಕಪ್ಪಾಗಿತ್ತು, ಅಂದರೆ ಅಲ್ಲಿ ಹೊಸ ಬಿರುಕು ಮೊದಲೇ ಬೆಳೆಯುತ್ತಾ ಬಂದಿತ್ತು. ಉಳಿದ ಭಾಗ ಹೊಳೆಯುತ್ತಿತ್ತು, ಅದು ಆ ಬೆಳಿಗ್ಗೆ ಒಂದೇ ಸಲ ಹರಿದದ್ದು.

ಯಾಕೆ ಹೀಗಾಯಿತು ಅನ್ನೋದನ್ನು ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಕೆಲಸ ಮಾಡುವ ಪರಿಚಯದವರೊಬ್ಬರು ಬಿಡಿಸಿ ಹೇಳಿದರು. ಸೈಕಲ್ ಫ್ರೇಮುಗಳಲ್ಲಿ ಜಾಸ್ತಿ ಬಳಸುವುದು 6061 ಅನ್ನೋ ಮಿಶ್ರಲೋಹ. ಅಲ್ಯೂಮಿನಿಯಂ ಜೊತೆ ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್. ಇದರ ಬಲ ಹುಟ್ಟಿನಿಂದ ಬರುವುದಲ್ಲ, ಹದ ಕೊಟ್ಟು ಬರಿಸುವುದು. ಫ್ಯಾಕ್ಟರಿಯಲ್ಲಿ ಬೆಸುಗೆ ಎಲ್ಲ ಮುಗಿದ ಮೇಲೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಥಟ್ಟನೆ ತಣಿಸುತ್ತಾರೆ. ತಣಿಸಿದಾಗ ಫ್ರೇಮ್ ಸೊಟ್ಟ ಆಗುತ್ತೆ, ಅದನ್ನು ಅಳತೆಗೆ ನೇರ ಮಾಡುತ್ತಾರೆ. ಆಮೇಲೆ 160–175 ಡಿಗ್ರಿ ಒಲೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಅದಕ್ಕೆ ಟಿ6 ಅಂತ ಹೆಸರು. ಹದ ಇರುವ 6061-ಟಿ6 ಸುಮಾರು 276 ಮೆಗಾಪ್ಯಾಸ್ಕಲ್ (ಲೋಹದ ಬಲ ಅಳೆಯುವ ಮಾನ) ಒತ್ತಡದವರೆಗೆ ಬಾಗದೆ ತಡೆಯುತ್ತೆ. ಅದೇ ಲೋಹ ಪೂರ್ತಿ ಮೆತ್ತಗಾದಾಗ 55ರ ಆಸುಪಾಸಿಗೆ ಇಳಿಯುತ್ತೆ.

ಈಗ ರೆಡಿಯಾದ ಫ್ರೇಮಿನ ಒಂದು ಮೂಲೆಗೆ ಟಿಗ್ ಟಾರ್ಚ್ ಹಿಡಿದರೆ ಏನಾಗುತ್ತೆ? ಬೆಸುಗೆಯ ಅಕ್ಕಪಕ್ಕದ ಲೋಹದ ಹದ ಕೆಡುತ್ತೆ. ಅಲ್ಲಿನ ಬಲ ಸುಮಾರು 40 ಪರ್ಸೆಂಟ್ ಕಡಿಮೆಯಾಗೋದು ಮಾಮೂಲು. ಕಣ್ಣಿಗೆ ಏನೂ ಕಾಣಲ್ಲ. ಬೆಸುಗೆ ದಪ್ಪ ಇದ್ದಷ್ಟೂ ಆ ಜಾಗ ಬಿಗಿಯಾಗುತ್ತೆ, ಏಟೆಲ್ಲ ಪಕ್ಕದ ಮೆತ್ತಗಿನ ಜಾಗಕ್ಕೆ ಬೀಳುತ್ತೆ. ವೆಲ್ಡರ್ ಕೈ ಎಷ್ಟೇ ನುರಿತದ್ದಾಗಿರಲಿ, ಒಲೆಯಿಲ್ಲದೆ ಆ ಹದ ವಾಪಸ್ ಬರಲ್ಲ. ಪೇಂಟ್, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ), ಬೇರಿಂಗ್ ಎಲ್ಲ ತೆಗೆದು ಇಡೀ ಫ್ರೇಮಿಗೆ ಮತ್ತೆ ಟಿ6 ಮಾಡಿಸಿ, ಅಳತೆ ಸರಿ ಮಾಡಿಸಬೇಕು. ಅದನ್ನು ಮಾಡಿಕೊಡುವವರು ಸಿಗೋದೇ ಕಷ್ಟ, ಸಿಕ್ಕರೂ ಆ ಖರ್ಚಿಗೆ ಅರ್ಥವಿಲ್ಲ.

7005 ಅನ್ನೋ ಇನ್ನೊಂದು ಬಗೆ ಇದೆ, ಸತು ಸೇರಿಸಿದ್ದು. ಅದಕ್ಕೆ ಬೆಸುಗೆ ಆದ ಮೇಲೆ 530 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದುವ ಕೆಲಸ ಬೇಡ, ಆದರೂ ಕಡಿಮೆ ಬಿಸಿಯ ಒಲೆಯಲ್ಲಿ ಇಡಲೇಬೇಕು. ನಿಮ್ಮ ಫ್ರೇಮ್ ಯಾವುದು ಅಂತ ವೆಲ್ಡರ್‌ಗೆ ಗೊತ್ತಿರಲ್ಲ. ಎಷ್ಟೋ ಸೈಕಲ್ಲಿನ ಸ್ಟಿಕ್ಕರಿನಲ್ಲಿ ಬರೀ 'ಅಲಾಯ್' ಅಂತಷ್ಟೇ ಇರುತ್ತೆ. ಇನ್ನು ಅಲ್ಯೂಮಿನಿಯಂಗೆ ಉಕ್ಕಿನ ಹಾಗೆ 'ಇಷ್ಟರ ಕೆಳಗಿನ ಏಟಿಗೆ ಏನೂ ಆಗಲ್ಲ' ಅನ್ನೋ ಮಿತಿಯಿಲ್ಲ. ಸಣ್ಣ ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತೆ. ಬಿರುಕು ಬಿಟ್ಟ ಫ್ರೇಮಿನಲ್ಲಿ ಬಿರುಕಿನ ಸುತ್ತಲಿನ ಲೋಹವೂ ದಣಿದಿರುತ್ತೆ.

ವೆಲ್ಡಿಂಗ್ ಮಾತನ್ನು ನಮ್ಮ ಜನ ಸುಲಭವಾಗಿ ನಂಬೋದಕ್ಕೆ ಕಾರಣವಿದೆ. ಊರಿನ ಸೈಕಲ್ ಶಾಪಿನಲ್ಲಿ ಅಟ್ಲಾಸ್, ಹೀರೋ ಸೈಕಲ್ಲಿನ ಫ್ರೇಮಿಗೆ ಗ್ಯಾಸ್ ಬೆಸುಗೆ ಹಾಕಿ, ಅದರ ಮೇಲೆ ಹಾಲಿನ ಕ್ಯಾನ್ ಹೇರಿಕೊಂಡು ವರ್ಷಗಟ್ಟಲೆ ಓಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದು ಉಕ್ಕು. ಉಕ್ಕಿನ ಫ್ರೇಮನ್ನು, ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಉಕ್ಕು) ಆದರೂ ಸರಿ, ಗೊತ್ತಿರುವವರ ಕೈಲಿ ಧೈರ್ಯವಾಗಿ ರಿಪೇರಿ ಮಾಡಿಸಬಹುದು. ಆ ನಂಬಿಕೆಯನ್ನು ಅಲ್ಯೂಮಿನಿಯಂ ಮೇಲೆ ಇಡಬೇಡಿ.

ಬೇರೆ ಸಲಹೆಗಳೂ ಬರುತ್ತವೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದೆ ಹೋಗಲ್ಲ ಅಂತಾರೆ. ತಗಡಿನ ಮೇಲೆ ಅದು ಸ್ವಲ್ಪ ಕಾಲಕ್ಕೆ ಕೆಲಸ ಮಾಡಬಹುದು, ಹೆಡ್ ಟ್ಯೂಬ್ ಹತ್ತಿರದ ಪೈಪಿಗೆ ಬೇಡ. ಎಪಾಕ್ಸಿ ಹಚ್ಚೋದು ಬಿರುಕನ್ನು ಮುಚ್ಚಿಡುತ್ತೆ ಅಷ್ಟೇ. ಕಾರ್ಬನ್ ಬಟ್ಟೆ ಸುತ್ತೋದು ಇನ್ನೂ ಅಪಾಯ: ನಡುವೆ ಫೈಬರ್ ಗ್ಲಾಸ್ ಪದರ ಇಲ್ಲದೆ ಕಾರ್ಬನ್ ನೇರ ತಾಗಿದರೆ, ತೇವ ಸೇರಿದಾಗ ಅಲ್ಯೂಮಿನಿಯಮ್ಮನ್ನು ಒಳಗೊಳಗೇ ತುಕ್ಕು ತಿನ್ನುತ್ತೆ.

ಹಾಗಾದರೆ ಏನು ಮಾಡಬೇಕು? ಗೆರೆ ಕಂಡ ಕೂಡಲೇ ಓಡಿಸೋದು ನಿಲ್ಲಿಸಿ. ಪೇಂಟ್ ಸೀಳಿದೆಯೋ, ಲೋಹವೋ ಅಂತ ಅನುಮಾನ ಇದ್ದರೆ ಅಲ್ಲಿ ಪೇಂಟ್ ತೆಗೆದು ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಹಾಕಿಸಿ. ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೂರು ಸ್ಪ್ರೇ ಡಬ್ಬಿಯ ಸೆಟ್ ಸಿಗುತ್ತೆ. ಚೆನ್ನಾಗಿ ಒರೆಸಿ, ಕೆಂಪು ಬಣ್ಣ ಹೊಡೆದು ಹತ್ತು ನಿಮಿಷ ಬಿಟ್ಟು, ಮತ್ತೆ ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತೆ. ಹೆಡ್ ಟ್ಯೂಬ್ ಬಿಟ್ಟರೆ ಸೀಟ್ ಕ್ಲಾಂಪಿನ ಸೀಳು, ಟಾಪ್ ಟ್ಯೂಬ್ (ಮೇಲಿನ ಅಡ್ಡ ಪೈಪ್) ಸೀಟ್ ಟ್ಯೂಬಿಗೆ (ಸೀಟಿನ ಕೆಳಗಿನ ಪೈಪ್) ಸೇರುವ ಜಾಗ, ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಪೈಪ್ (ಚೈನ್ ಸ್ಟೇ), ಹಿಂದಿನ ಚಕ್ರದ ಆಕ್ಸಲ್ ಕೂರುವ ಡ್ರಾಪ್ ಔಟ್ ನೋಡಿ. ಸೀಟ್ ಪೋಸ್ಟನ್ನು (ಸೀಟ್ ಹೊರುವ ಕೊಳವೆ) ಅದರ ಮೇಲಿನ ಮಿನಿಮಮ್ ಗೆರೆ ಹೊರಗೆ ಕಾಣುವಷ್ಟು ಮೇಲೆ ಎಳೆದು ಓಡಿಸಿದವರು ಟಾಪ್ ಟ್ಯೂಬಿನ ಜಾಗವನ್ನು ಇವತ್ತೇ ನೋಡಿ.

ಬಿಲ್ ಹುಡುಕಿ ವಾರಂಟಿ ಕೇಳಿ. ದೊಡ್ಡ ಬ್ರ್ಯಾಂಡ್‌ಗಳಲ್ಲಿ ಹಲವು ಮೊದಲ ಮಾಲೀಕರಿಗೆ ಫ್ರೇಮ್ ಮೇಲೆ ಲೈಫ್‌ಟೈಮ್ ವಾರಂಟಿ ಕೊಡುತ್ತವೆ. ಅಂಗಡಿಯವರು ಆಗಲ್ಲ ಅಂದರೆ ಕಂಪನಿಗೇ ನೇರ ಬರೆಯಿರಿ. ಬಿರುಕಿನ ಫೋಟೋ, ಸೀರಿಯಲ್ ನಂಬರ್ (ಬಹುತೇಕ ಬಾಟಮ್ ಬ್ರಾಕೆಟ್ ಅಡಿಯಲ್ಲಿ, ಅಂದರೆ ಎರಡು ಪೆಡಲ್ ಕೈಗಳ ನಡುವಿನ ಗೂಡಿನ ಕೆಳಗೆ ಇರುತ್ತೆ), ಬಿಲ್ ಕಳಿಸಿ. ನಾವು ಬರೆದಾಗ ಬಂದ ಉತ್ತರ: ಫ್ರೇಮಿಗೆ ಹೊರಗೆ ಬೆಸುಗೆ ಹಾಕಿಸಿರುವುದರಿಂದ ವಾರಂಟಿ ಅನ್ವಯಿಸಲ್ಲ. ಅಂಗಡಿಯವರು ಬೆಸುಗೆಗೆ ಕಳಿಸುವ ಮೊದಲು ಈ ಮಾತು ಹೇಳಲೇ ಇಲ್ಲ. ಇದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ವಾರಂಟಿ ಸಿಗದಿದ್ದರೆ ಫ್ರೇಮ್ ಮಾತ್ರ ಕೊಂಡು ಹಳೆ ಸಾಮಾನು ಅದಕ್ಕೆ ಹಾಕಿಸಬಹುದು, ಅಳತೆ ಕೂಡಿಬಂದರೆ. ಇಲ್ಲೂ ಅಂಗಡಿಯ ಮಾತು ಸಾಲದು, ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ. ಚಕ್ರ 26, 27.5, 29 ಇಂಚಿನಲ್ಲಿ ಯಾವುದು? ಹಿಂದಿನ ಹಬ್ (ಚಕ್ರದ ನಡುವಿನ ಗುಂಬ) 135 ಮಿಲಿಮೀಟರ್ ಕ್ವಿಕ್ ರಿಲೀಸೋ (ಲಿವರ್ ತಿರುಗಿಸಿ ಬಿಚ್ಚುವ ಸಣ್ಣ ಸರಳು), 142 ಅಥವಾ 148ರ ಥ್ರೂ ಆಕ್ಸಲ್ಲೋ (ಫ್ರೇಮಿನೊಳಗೆ ತೂರಿಸುವ ದಪ್ಪ ಆಕ್ಸಲ್)? ಫೋರ್ಕಿನ ಕೊಳವೆ ನೇರವೋ, ಕೆಳಗೆ ದಪ್ಪವೋ? ಬಾಟಮ್ ಬ್ರಾಕೆಟ್ ಥ್ರೆಡ್ಡೋ, ಪ್ರೆಸ್ ಫಿಟ್ಟೋ (ಒತ್ತಿ ಕೂರಿಸಿದ್ದು)? ಸೀಟ್ ಪೋಸ್ಟ್ 27.2, 30.9, 31.6ರಲ್ಲಿ ಯಾವುದು? ಹಬ್ ಮತ್ತು ಫೋರ್ಕ್ ಎರಡೂ ಹೊಂದದಿದ್ದರೆ ಹೊಸ ಸೈಕಲ್ಲೇ ಅಗ್ಗ ಬೀಳಬಹುದು. ಫುಲ್ ಸಸ್ಪೆನ್ಷನ್ (ಮುಂದೆ, ಹಿಂದೆ ಎರಡೂ ಕಡೆ ಶಾಕ್) ಇದ್ದು ಹಿಂದಿನ ಭಾಗ ಮಾತ್ರ ಸೀಳಿದ್ದರೆ, ಆ ಭಾಗವನ್ನಷ್ಟೇ ಬಿಡಿಯಾಗಿ ಕೊಡುತ್ತಾರಾ ಅಂತ ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಹೆಡ್ ಟ್ಯೂಬಿನ ಸುತ್ತ ಮಾತ್ರ ಹೊಸ ಪೇಂಟ್ ಇದ್ದರೆ, ಒಂದು ಜಾಯಿಂಟಿನ ಬೆಸುಗೆ ಮಾತ್ರ ಉಳಿದವಕ್ಕಿಂತ ಉಬ್ಬಿದ್ದರೆ ಅಥವಾ ಉಜ್ಜಿ ನುಣ್ಣಗೆ ಮಾಡಿದ್ದರೆ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಟ್ಟುಬಿಡಿ. ನಿಮ್ಮ ಹತ್ತಿರವೇ ಬಿರುಕಿನ ಫ್ರೇಮ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಟಾಪ್ ಟ್ಯೂಬ್, ಡೌನ್ ಟ್ಯೂಬ್ ಎರಡನ್ನೂ ಹ್ಯಾಕ್ಸಾದಲ್ಲಿ ನಡುಮಧ್ಯೆ ಕೊಯ್ದು ಹಾಕಿ. ನಮ್ಮದನ್ನು ಹಾಗೇ ಮಾಡಿದೆವು, ಇಲ್ಲದಿದ್ದರೆ ಯಾರೋ ಅದಕ್ಕೆ ಮತ್ತೆ ಬೆಸುಗೆ ಹಾಕಿ ಬಣ್ಣ ಬಳಿದು ಮಾರುತ್ತಿದ್ದರು.